ಬೇಸಿನ್ ಗುಳುಗುಟ್ಟಿದರೆ ಗೋಡೆ ಒಡೆಯಬೇಡಿ, ಗಾಳಿ ಎಲ್ಲಿ ಕಟ್ಟಿದೆ ನೋಡಿ

ಮೇಲಿನ ಮಹಡಿಯಲ್ಲಿ ಯಾರೋ ಫ್ಲಶ್ ಮಾಡುತ್ತಾರೆ. ಅದರ ಕೆಳಗಿನ ಮಹಡಿಯ ವಾಶ್ ಬೇಸಿನ್ ಗುಳುಗುಳು ಅನ್ನುತ್ತದೆ. ಹತ್ತು ನಿಮಿಷದಲ್ಲಿ ಬಚ್ಚಲುಮನೆ ತುಂಬ ಗಬ್ಬು ವಾಸನೆ. ಮೂರು ಮಹಡಿಯ ಒಂದು ಮನೆಯಲ್ಲಿ ಇದೇ ತೊಂದರೆ ನೋಡಲು ನನ್ನನ್ನು ಕರೆದಿದ್ದರು. ನನಗಿಂತ ಮುಂಚೆ ಇಬ್ಬರು ಬಂದು ಹೋಗಿದ್ದರು. ಒಬ್ಬರು ಬೇಸಿನ್ ಕೆಳಗಿನ ಬಾಗಿದ ಪೈಪನ್ನು, ಅಂದರೆ ಟ್ರ್ಯಾಪನ್ನು, ಬಿಚ್ಚಿ ತೊಳೆದು ಹಾಕಿದ್ದರು. ಇನ್ನೊಬ್ಬರು ಆಸಿಡ್ ಸುರಿದು ನೋಡಿ, ಅದಕ್ಕೂ ಬಗ್ಗದಿದ್ದಾಗ "110 ಮಿ.ಮೀ. ಪೈಪು ಸಾಲಲ್ಲ, ಗೋಡೆ ಒಡೆದು 160 ಹಾಕಬೇಕು" ಅಂದಿದ್ದರು. ಎಲ್ಲಿ ಒಡೆಯಬೇಕು ಅಂತ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆಯೂ ಬಿದ್ದಿತ್ತು.

ಆದರೆ ನೀರು ಎಲ್ಲೂ ನಿಂತಿರಲಿಲ್ಲ. ಬೇಸಿನ್ ತುಂಬಿಸಿ ಬಿಟ್ಟರೆ ಸರಾಗವಾಗಿ ಹೋಗುತ್ತಿತ್ತು. ನೀರು ಸರಾಗ, ಆದರೂ ಸದ್ದು ಮತ್ತು ವಾಸನೆ: ಈ ಎರಡೂ ಒಟ್ಟಿಗೆ ಕಂಡರೆ ನಾನು ಕಸ ಹುಡುಕುವುದಿಲ್ಲ, ಗಾಳಿ ಹುಡುಕುತ್ತೇನೆ. ಹೇಗೆ ಹುಡುಕುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಎರಡು ಇಂಚು ನೀರಿನ ಬಾಗಿಲು

ಬೇಸಿನ್, ಸಿಂಕ್, ಕಮೋಡ್, ಬಚ್ಚಲ ನೆಲದ ನೀರು ಇಳಿಯುವ ನಹಾನಿ ಟ್ರ್ಯಾಪ್, ಎಲ್ಲದರ ಕೆಳಗೂ ಒಂದು ಬಾಗಿದ ಜಾಗ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ 50 ಮಿ.ಮೀ. ಆಳದ ನೀರು ನಿಂತಿರುತ್ತದೆ. ಅದೇ ವಾಟರ್ ಸೀಲ್. ಚರಂಡಿಯ ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಅಷ್ಟೇ ನೀರು, ಬೇರೆ ಏನೂ ಇಲ್ಲ.

ಅದು ತುಂಬ ಬಲವಾದ ಬಾಗಿಲೇನೂ ಅಲ್ಲ. 1 ಮಿ.ಮೀ. ನೀರು ಅಂದರೆ ಸುಮಾರು 10 ಪಾಸ್ಕಲ್ ಒತ್ತಡ. 50 ಮಿ.ಮೀ. ನೀರು ಹೆಚ್ಚೆಂದರೆ 500 ಪಾಸ್ಕಲ್ ತಡೆದೀತು. ಸ್ಟ್ರಾ ಹಾಕಿ ನೀರನ್ನು ಎರಡು ಇಂಚು ಮೇಲೆ ಎಳೆಯುವುದು ಮಗುವಿಗೂ ಕಷ್ಟವಲ್ಲ, ಅಲ್ವಾ? ಪೈಪಿನೊಳಗೆ ಅಷ್ಟು ಎಳೆತ ಹುಟ್ಟಿದರೆ ಸಾಕು, ಸೀಲ್ ಹೋಯಿತು. ಅದಕ್ಕೇ ಅಮೆರಿಕದ ಪ್ಲಂಬಿಂಗ್ ಕೋಡ್‌ಗಳು, ಅಂದರೆ ನಿಯಮಾವಳಿಗಳು, ಟ್ರ್ಯಾಪ್ ಮೇಲೆ ಬೀಳುವ ಒತ್ತಡದ ವ್ಯತ್ಯಾಸ 25 ಮಿ.ಮೀ. ನೀರಿನಷ್ಟನ್ನು ಮೀರಬಾರದು ಅನ್ನುತ್ತವೆ.

ಈ ಎಳೆತ ಎಲ್ಲಿಂದ ಬರುತ್ತದೆ? ನೆಟ್ಟಗೆ ಇಳಿಯುವ ದೊಡ್ಡ ಪೈಪಿನಲ್ಲಿ, ಅಂದರೆ ಸ್ಟ್ಯಾಕ್‌ನಲ್ಲಿ, ನೀರು ಪೈಪು ತುಂಬಿಕೊಂಡು ಬೀಳುವುದಿಲ್ಲ. ಒಳಗೋಡೆಗೆ ಅಂಟಿಕೊಂಡು ಉಂಗುರದ ಹಾಗೆ ಇಳಿಯುತ್ತದೆ. ನಡುವೆ ಗಾಳಿ ಇರುತ್ತದೆ. ಸ್ಟ್ಯಾಕ್ ಲೆಕ್ಕ ಹಾಕುವಾಗಲೂ ಅಡ್ಡಕೊಯ್ತದ ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ನೀರಿಗೆ, ಉಳಿದದ್ದು ಗಾಳಿಗೆ ಅಂತಲೇ ಹಾಕುತ್ತಾರೆ. ಇಳಿಯುವ ನೀರು ಈ ಗಾಳಿಯನ್ನು ಜೊತೆಗೆ ಎಳೆದುಕೊಂಡು ಹೋಗುತ್ತದೆ. ಹೋದ ಗಾಳಿಯ ಜಾಗಕ್ಕೆ ಮೇಲಿನಿಂದ ಹೊಸ ಗಾಳಿ ಬರಬೇಕು. ತಾರಸಿಯವರೆಗೆ ಹೋಗಿ ಬಾಯಿ ತೆರೆದು ನಿಲ್ಲುವ ವೆಂಟ್ ಪೈಪು ಇರುವುದೇ ಅದಕ್ಕೆ. ಮೇಲಿನಿಂದ ಬರದಿದ್ದರೆ ಹತ್ತಿರದ ಟ್ರ್ಯಾಪ್‌ನ ನೀರನ್ನು ಸೀಳಿಕೊಂಡು ಬರುತ್ತದೆ. ಆ ಗುಳುಗುಳು ಅದೇ.

ಸ್ಟ್ಯಾಕ್‌ನ ಬುಡದಲ್ಲಿ ಕಥೆ ಉಲ್ಟಾ. ಅಲ್ಲಿ ನೀರು ಬೆಂಡ್‌ಗೆ ಬಡಿದು ನಿಧಾನವಾಗುತ್ತದೆ, ಅಡ್ಡ ಪೈಪಿನಲ್ಲಿ ಉಬ್ಬಿ ನಿಲ್ಲುತ್ತದೆ. ಹಿಂದೆ ಬರುತ್ತಿರುವ ಗಾಳಿಗೆ ದಾರಿ ಇಲ್ಲದೆ ಒತ್ತಡ ಏರುತ್ತದೆ. ಹೀಗಾಗಿ ಮೇಲಿನ ಮಹಡಿಗಳಲ್ಲಿ ಎಳೆತ, ತೀರ ಕೆಳಗಿನದರಲ್ಲಿ ತಳ್ಳು. ಇದೊಂದು ನೆನಪಿದ್ದರೆ ಅರ್ಧ ಪತ್ತೆ ಕೆಲಸ ಮುಗಿದ ಹಾಗೆ.

(ಎತ್ತರದ ಕಟ್ಟಡದಲ್ಲಿ ನೀರು ಬೀಳುತ್ತಾ ಬೀಳುತ್ತಾ ವೇಗ ಏರಿ ಕೆಳಗಿನ ಬೆಂಡ್ ಒಡೆದೇ ಹೋಗುತ್ತದೆ ಅಂತ ಹೆದರುವವರಿದ್ದಾರೆ. ಹಾಗಾಗುವುದಿಲ್ಲ. ಪೈಪಿನ ಗೋಡೆಯ ಉಜ್ಜಾಟದಿಂದ ಒಂದೆರಡು ಮಹಡಿ ಇಳಿಯುವಷ್ಟರಲ್ಲಿ ವೇಗ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ.)

ಕಡ್ಡಿ ಪರೀಕ್ಷೆ

ಏನನ್ನೂ ಬಿಚ್ಚುವ ಮುಂಚೆ ಇದನ್ನು ಮಾಡಿ. ಬೇಕಾಗುವುದು ಒಂದು ತೆಳುವಾದ ಮರದ ಕಡ್ಡಿ, ಮಿಂಚದ ಕಪ್ಪು ಬಣ್ಣ ಬಳಿದದ್ದು. ಕಪ್ಪು ಯಾಕೆ ಅಂದರೆ ನೀರು ತಾಗಿದ ಗೆರೆ ಅದರ ಮೇಲೆ ಚೆನ್ನಾಗಿ ಕಾಣುತ್ತದೆ. ಜೊತೆಗೆ ಸ್ಕೇಲ್, ಟಾರ್ಚ್, ಮತ್ತು ಮೇಲೆ ಫ್ಲಶ್ ಮಾಡಲು ಒಬ್ಬ ಮನುಷ್ಯ.

ಬೇಸಿನ್‌ಗೆ ಒಂದು ಲೋಟ ನೀರನ್ನು ನಿಧಾನವಾಗಿ ಹಾಕಿ. ಟ್ರ್ಯಾಪ್ ಪೂರ್ತಿ ತುಂಬಲಿ. ಜಾಲರಿಯ ತೂತಿನಿಂದ ಕಡ್ಡಿಯನ್ನು ತಳ ಮುಟ್ಟುವವರೆಗೆ ಇಳಿಸಿ, ತೆಗೆದು ಒದ್ದೆಯಾದ ಉದ್ದ ಅಳೆಯಿರಿ. ಇದು ಸೀಲ್‌ನ ಆಳ ಅಲ್ಲ, ಟ್ರ್ಯಾಪ್‌ನ ತಳದಿಂದ ನೀರಿನ ಮಟ್ಟ, ಅಷ್ಟೇ. ನಮಗೆ ಬೇಕಿರುವುದು ವ್ಯತ್ಯಾಸ. ಈಗ ಮೇಲೆ ಫ್ಲಶ್ ಮಾಡಿಸಿ. ಸದ್ದು ನಿಂತ ಮೇಲೆ ಮತ್ತೆ ಕಡ್ಡಿ ಇಳಿಸಿ ಅಳೆಯಿರಿ. ಎರಡರ ಮಧ್ಯದ ವ್ಯತ್ಯಾಸವೇ ಕಳೆದುಹೋದ ಸೀಲ್.

ಮೂರು ಸಲ ಮಾಡಿ. ಪ್ರತಿ ಸಲವೂ ಟ್ರ್ಯಾಪ್ ತುಂಬಿಸಿಯೇ ಶುರು ಮಾಡಿ. ಮೂರರಲ್ಲಿ ಕೆಟ್ಟದ್ದನ್ನು ಲೆಕ್ಕಕ್ಕೆ ಹಿಡಿಯಿರಿ. 50 ಮಿ.ಮೀ. ಸೀಲ್‌ನಲ್ಲಿ ಕೊನೆಗೆ 25 ಆದರೂ ಉಳಿಯಬೇಕು.

ಆ ಮನೆಯಲ್ಲಿ ತುಂಬಿದ ಟ್ರ್ಯಾಪ್‌ನಲ್ಲಿ ಕಡ್ಡಿ 70 ಮಿ.ಮೀ. ಒದ್ದೆಯಾಗಿತ್ತು. ಮೊದಲ ಫ್ಲಶ್ ಆದ ಮೇಲೆ 48. ಎರಡನೇ ಸಲ 39. ಮೂರನೇ ಸಲ 43. ಕೆಟ್ಟದ್ದು 31 ಮಿ.ಮೀ. ನಷ್ಟ, ಸೀಲ್‌ನಲ್ಲಿ ಉಳಿದದ್ದು 19. ಇಬ್ಬರು ಬೆನ್ನುಬೆನ್ನಿಗೆ ಫ್ಲಶ್ ಮಾಡಿದರೆ ಆ 19 ಕೂಡ ಉಳಿಯಲ್ಲ. ವಾಸನೆ ಕೆಲವು ದಿನ ಇದೆ, ಕೆಲವು ದಿನ ಇಲ್ಲ ಅಂತ ಮನೆಯವರು ಹೇಳಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಯಾವುದು ಓಡಿದಾಗ ಯಾವುದು ಕೂಗುತ್ತದೆ?

ನಾನು ಮನೆಯವರನ್ನು ಕೇಳುವ ಮೊದಲ ಪ್ರಶ್ನೆ ಇದೇ. ಗೊತ್ತಿಲ್ಲ ಅಂದರೆ ಒಂದು ದಿನ ಗಮನಿಸಿ ಹೇಳಿ ಅಂತ ಬಂದುಬಿಡುತ್ತೇನೆ.

*ತನ್ನದೇ ನೀರು ಹೋಗುವಾಗ ಕೊನೆಯಲ್ಲಿ ಗೊರ್ ಅಂದು ಹೀರಿಕೊಂಡರೆ* ತಪ್ಪು ಆ ಬೇಸಿನ್‌ನ ಸ್ವಂತ ಪೈಪಿನಲ್ಲಿದೆ. ಸಣ್ಣ ಪೈಪಿನಲ್ಲಿ ನೀರು ತುಂಬಿಕೊಂಡು ಪಿಸ್ಟನ್ ಹಾಗೆ ಹೋಗುತ್ತದೆ, ಹಿಂದೆ ಇದ್ದ ಟ್ರ್ಯಾಪ್‌ನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಉರುಟು ತಳದ ವಾಶ್ ಬೇಸಿನ್‌ಗೆ ಈ ಕಾಟ ಜಾಸ್ತಿ. ಚಪ್ಪಟೆ ತಳದ ಸಿಂಕ್ ಆದರೆ ಕೊನೆಗೆ ತೊಟ್ಟಿಕ್ಕುವ ನೀರೇ ಟ್ರ್ಯಾಪನ್ನು ಮತ್ತೆ ತುಂಬಿಸಿಬಿಡುತ್ತದೆ. ಬೇಸಿನ್‌ನಲ್ಲಿ ಹಾಗೆ ಹಿಂದೆ ಉಳಿಯುವ ನೀರು ಇರುವುದಿಲ್ಲ.

ಮೊದಲು ಟ್ರ್ಯಾಪ್‌ನ ಆಕಾರ ನೋಡಿ. ಟ್ರ್ಯಾಪ್ ದಾಟಿದ ಕೂಡಲೇ ಪೈಪು ನೆಟ್ಟಗೆ ನೆಲಕ್ಕೆ ಇಳಿದಿದ್ದರೆ ಅದು ಎಸ್ ಟ್ರ್ಯಾಪ್. ಅದು ತನ್ನನ್ನು ತಾನೇ ಖಾಲಿ ಮಾಡಿಕೊಳ್ಳುವುದರಲ್ಲಿ ನಿಸ್ಸೀಮ. ಅಡ್ಡಕ್ಕೆ ಹೋಗುವ ಪಿ ಟ್ರ್ಯಾಪ್ ಹಾಕಿಸಿ. ಮೊದಲೇ ಪಿ ಟ್ರ್ಯಾಪ್ ಇದ್ದರೆ ಅಲ್ಲಿಂದ ವೆಂಟ್ ಇರುವ ಜಾಗದವರೆಗಿನ ಉದ್ದ ಮತ್ತು ಇಳಿಜಾರು ಅಳೆಯಿರಿ. ನಿಯಮ ಸರಳ: ಅಷ್ಟು ದೂರದಲ್ಲಿ ಪೈಪು ತನ್ನ ಒಳ ಅಗಲಕ್ಕಿಂತ ಜಾಸ್ತಿ ಕೆಳಗೆ ಇಳಿದಿರಬಾರದು. ಇಳಿದರೆ ವೆಂಟ್‌ನ ಬಾಯಿ ಟ್ರ್ಯಾಪ್‌ನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ, ನೀರಿನಿಂದ ಮುಚ್ಚಿಕೊಳ್ಳುತ್ತದೆ. 40 ಮಿ.ಮೀ. ಪೈಪಿಗೆ 40ಕ್ಕೆ 1ರ ಇಳಿಜಾರು ಇದ್ದರೆ 40 ಗುಣಿಸು 40, ಅಂದರೆ 1.6 ಮೀಟರ್‌ವರೆಗೆ ಹೋಗಬಹುದು. ನೀರು ಬೇಗ ಹೋಗಲಿ ಅಂತ 20ಕ್ಕೆ 1 ಮಾಡಿದರೆ 80 ಸೆಂ.ಮೀ.ಗೇ ಮುಗಿಯಿತು. ಜಾಸ್ತಿ ವಾಟ ಕೊಟ್ಟಷ್ಟೂ ಒಳ್ಳೇದು ಅನ್ನುವ ನಂಬಿಕೆ ಇಲ್ಲಿ ಕೈ ಕೊಡುತ್ತದೆ.

*ಬೇರೆ ಕಡೆ ನೀರು ಬಿಟ್ಟಾಗ ಇದು ಗುಳುಗುಟ್ಟಿದರೆ* ಸ್ಟ್ಯಾಕ್‌ಗೆ ಮೇಲಿನಿಂದ ಗಾಳಿ ಸಾಲುತ್ತಿಲ್ಲ. ವೆಂಟ್ ನೋಡಬೇಕು. ಅದಕ್ಕೆ ಕೊನೆಗೆ ಬರುತ್ತೇನೆ.

*ಕೆಳಮಹಡಿಯಲ್ಲಿ ಗುಳ್ಳೆ ಮೇಲಕ್ಕೆ ಎದ್ದರೆ, ಕಮೋಡ್ ನೀರು ಚಿಮ್ಮಿದರೆ, ನಹಾನಿ ಟ್ರ್ಯಾಪ್‌ನಿಂದ ಸೋಪಿನ ನೊರೆ ಬಂದರೆ* ಅದು ತಳ್ಳುವ ಒತ್ತಡ. ಇದನ್ನು ಬ್ಲಾಕ್ ಅಂದುಕೊಂಡು ಸಲಾಕೆ ಹಾಕುವವರೇ ಜಾಸ್ತಿ. ಬ್ಲಾಕ್ ಆಗಿದ್ದರೆ ನೀರು ಮೇಲೆ ಬಂದು ನಿಲ್ಲುತ್ತದೆ. ಒತ್ತಡ ಆಗಿದ್ದರೆ ಒಮ್ಮೆ ಉಕ್ಕಿ ಕೂಡಲೇ ಇಳಿದುಹೋಗುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಸ್ಟ್ಯಾಕ್‌ನ ಬುಡ ನೋಡಿ. ಒಂದೇ ಚೂಪು 90 ಡಿಗ್ರಿ ಎಲ್ಬೋ ಇದ್ದರೆ ಅದರ ಬದಲು ಎರಡು 45 ಡಿಗ್ರಿ ಬೆಂಡ್ ಅಥವಾ ದೊಡ್ಡ ತಿರುವಿನ ಬೆಂಡ್ ಹಾಕಿ. ಬುಡದಿಂದ ಎಷ್ಟು ಮೇಲೆ ಕೆಳಮಹಡಿಯ ಪೈಪು ಸೇರಿದೆ ಅಂತ ಅಳೆಯಿರಿ. ಬ್ರಿಟನ್‌ನ ಲೆಕ್ಕದಲ್ಲಿ 3 ಮಹಡಿವರೆಗಿನ ಒಂಟಿ ಮನೆಗೆ ಕನಿಷ್ಠ 450 ಮಿ.ಮೀ., 5 ಮಹಡಿವರೆಗಿನ ಕಟ್ಟಡಕ್ಕೆ 750 ಮಿ.ಮೀ. ಇರಬೇಕು. 5 ಮಹಡಿ ದಾಟಿದರೆ ಕೆಳಮಹಡಿಯದ್ದನ್ನು ಈ ಸ್ಟ್ಯಾಕ್‌ಗೆ ಸೇರಿಸುವ ಹಾಗೇ ಇಲ್ಲ, ಬೇರೆಯಾಗಿ ಒಯ್ಯಬೇಕು. ಬುಡದ ಅಡ್ಡ ಪೈಪಿಗೆ ಸೇರಿಸುವುದಾದರೆ ಪೈಪಿನ ಅಗಲದ ಹತ್ತು ಪಟ್ಟು ದೂರ ಬಿಡಿ. 110ರ ಪೈಪಿಗೆ 1.1 ಮೀಟರ್. ನನ್ನನ್ನು ಕೇಳಿದರೆ ಎಷ್ಟು ಮಹಡಿಯಿದ್ದರೂ ಕೆಳಮಹಡಿಯದ್ದನ್ನು ನೇರ ಚೇಂಬರ್‌ಗೆ ಬಿಡುವುದೇ ವಾಸಿ. ಒಂದು ಪೈಪು ಜಾಸ್ತಿ ಹೋದೀತು, ತಲೆನೋವು ಇರಲ್ಲ.

ಇಲ್ಲಿ ಒಂದು ಎಚ್ಚರಿಕೆ. ಗಾಳಿ ಒಳಬಿಡುವ ಏರ್ ಅಡ್ಮಿಟೆನ್ಸ್ ವಾಲ್ವ್ ಅಂತ ಸಿಗುತ್ತದೆ. ಎಳೆತ ಬಂದಾಗ ತೆರೆದುಕೊಂಡು, ಉಳಿದ ಹೊತ್ತು ಮುಚ್ಚಿರುತ್ತದೆ. ಎಳೆತದ ತೊಂದರೆಗೆ ಅದು ಸರಿ. ತಳ್ಳುವ ಒತ್ತಡಕ್ಕೆ ಏನೂ ಪ್ರಯೋಜನವಿಲ್ಲ, ಯಾಕೆಂದರೆ ಅದು ಹೊರಗೆ ಬಿಡುವುದೇ ಇಲ್ಲ. ಕೆಳಮಹಡಿಯ ನೊರೆಗೆ ಈ ವಾಲ್ವ್ ಹಾಕಿಸಿಕೊಂಡು ಕೂತವರನ್ನು ನೋಡಿದ್ದೇನೆ.

*ಸದ್ದೇ ಇಲ್ಲ, ವಾಸನೆ ಮಾತ್ರ* ಇದ್ದರೆ ಮೊದಲು ಯಾರೂ ಬಳಸದ ನಹಾನಿ ಟ್ರ್ಯಾಪ್‌ನ ಜಾಲರಿ ಎತ್ತಿ ಟಾರ್ಚ್ ಬಿಡಿ. ಒಣಗಿರುತ್ತದೆ. ಸಾಮಾನ್ಯ ಹವೆಯಲ್ಲಿ ವಾರಕ್ಕೆ 2.5 ಮಿ.ಮೀ. ಆರುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ, ಬಿಸಿಲು ಕಾಲದಲ್ಲಿ ಬೇಗ. ಒಂದು ಬಕೆಟ್ ನೀರು ಹಾಕಿ, ಮರುದಿನ ವಾಸನೆ ಇಲ್ಲದಿದ್ದರೆ ಕೆಲಸ ಮುಗಿಯಿತು. ನೀರಿದ್ದೂ ಮಟ್ಟ ಇಳಿಯುತ್ತಿದ್ದರೆ ಟ್ರ್ಯಾಪ್‌ನ ಅಂಚಿನ ಮೇಲೆ ಕೂದಲೋ ಬಟ್ಟೆಯ ಎಳೆಯೋ ಬಿದ್ದಿರಬಹುದು. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಅದು ರಾತ್ರಿಯಿಡೀ ನೀರು ಹೀರಿ ಆಚೆ ಹಾಕುತ್ತದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಅನ್ನುವ ಉಸಿರಾಟದ ಅಂಟುರೋಗ ಬಂತು. ಅದು ಹರಡಿದ ದಾರಿಗಳಲ್ಲಿ ತನಿಖೆ ಬೊಟ್ಟು ಮಾಡಿದ್ದು ಬಚ್ಚಲುಮನೆಗಳ ಒಣಗಿದ ನೆಲದ ಟ್ರ್ಯಾಪ್‌ಗಳನ್ನು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಪೈಪಿನ ಗಾಳಿ ಆ ಟ್ರ್ಯಾಪ್‌ಗಳ ಮೂಲಕ ಮನೆಯೊಳಗೆ ಬಂತು. ತುಂಬಿದ ಸೀಲನ್ನು ಸಣ್ಣ ಫ್ಯಾನ್ ಒಡೆಯಲಾರದು. ಒಣಗಿದ್ದರೆ ಅದಕ್ಕೆ ಬಾಗಿಲೇ ಇಲ್ಲ.

ಪೈಪು ಸಣ್ಣದಾಯಿತು ಅನ್ನುವ ಮುಂಚೆ

ಲೆಕ್ಕ ಹಾಕಿ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ರಾಯ್ ಹಂಟರ್ 1940ರಲ್ಲಿ ಒಂದು ದಾರಿ ತೋರಿಸಿದರು. ಎಲ್ಲರೂ ಒಂದೇ ಕ್ಷಣಕ್ಕೆ ನೀರು ಬಿಡುವುದಿಲ್ಲ, ಹಾಗಾಗಿ ಒಟ್ಟು ನೀರನ್ನು ಸುಮ್ನೆ ಕೂಡಿಸುವ ಬದಲು ಪ್ರತಿಯೊಂದಕ್ಕೂ ಒಂದು ತೂಕ ಕೊಡೋಣ ಅಂತ. ಅದೇ ಫಿಕ್ಸ್ಚರ್ ಯೂನಿಟ್. ಅಮೆರಿಕದ ಐಪಿಸಿ (ಇಂಟರ್‌ನ್ಯಾಷನಲ್ ಪ್ಲಂಬಿಂಗ್ ಕೋಡ್) ಪ್ರಕಾರ ವಾಶ್ ಬೇಸಿನ್‌ಗೆ 1, ಶವರ್‌ಗೆ 2, ಅಡುಗೆಮನೆ ಸಿಂಕ್‌ಗೆ 2, ವಾಷಿಂಗ್ ಮಷಿನ್‌ಗೆ 2, ಕಡಿಮೆ ನೀರಿನ ಟ್ಯಾಂಕ್ ಇರುವ ಮನೆಯ ಕಮೋಡ್‌ಗೆ 3.

ಆ ಮನೆಯ ಪ್ರತಿ ಮಹಡಿಗೂ ಇವು ಒಂದೊಂದು ಅಂತ ಹಿಡಿದು ಕೂಡಿಸಿದರೆ ಒಂದು ಮಹಡಿಗೆ 10. ಮೂರು ಮಹಡಿಗೆ 30. ಅದೇ ಕೋಡ್‌ನಲ್ಲಿ 4 ಇಂಚಿನ ಸ್ಟ್ಯಾಕ್ ಮೂರು ಮಹಡಿಗೆ 240 ಯೂನಿಟ್ ತಡೆದುಕೊಳ್ಳುತ್ತದೆ. ಗೋಡೆ ಒಡೆಯಬೇಕು ಅಂದವರು ಸಾಲಲ್ಲ ಅಂದ 110ರ ಪೈಪು ಹೆಚ್ಚುಕಡಿಮೆ ಅದೇ ಅಳತೆಯದ್ದು. ಎಂಟು ಪಟ್ಟು ಜಾಗ ಇತ್ತು!

ಗಾತ್ರದ ತಪ್ಪು ನಿಜವಾಗಿ ಆಗುವುದು ಸಣ್ಣ ಅಡ್ಡ ಪೈಪಿನಲ್ಲಿ. ಒಂದೂವರೆ ಇಂಚಿನ ಅಡ್ಡ ಪೈಪಿಗೆ 3 ಯೂನಿಟ್ ಮಾತ್ರ, 2 ಇಂಚಿಗೆ 6, 3 ಇಂಚಿಗೆ 20. ಬೇಸಿನ್ ಮತ್ತು ಶವರ್ ಇದ್ದ ಒಂದೂವರೆ ಇಂಚಿನ ಪೈಪಿಗೆ ಆಮೇಲೆ ಯಾರೋ ವಾಷಿಂಗ್ ಮಷಿನ್ ಸೇರಿಸುತ್ತಾರೆ. 3 ಇದ್ದದ್ದು 5 ಆಯಿತು. ಮಷಿನ್‌ನ ಪಂಪು ನೀರು ದಬ್ಬಿದಾಗ ಪೈಪು ತುಂಬಿ, ಶವರ್‌ನ ಜಾಲರಿಯಿಂದ ನೀರು ಮೇಲೆ ಬರುತ್ತದೆ. ಅಲ್ಲಿ ಪೈಪು ದೊಡ್ಡದು ಮಾಡಲೇಬೇಕು.

ಆದರೆ ದೊಡ್ಡದು ಮಾಡುವುದಕ್ಕೂ ಮಿತಿ ಇದೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಪದೇ ಪದೇ ಕಟ್ಟುತ್ತಿದ್ದ ಒಂದು ಸಿಂಕ್ ಲೈನಿಗೆ ನಾನು 50ರ ಬದಲು 110ರ ಪೈಪು ಹಾಕಿದೆ. ಜಾಗ ಇಲ್ಲದ್ದರಿಂದ ಇಳಿಜಾರು ಬಹಳ ಕಡಿಮೆ ಕೊಟ್ಟೆ. ದೊಡ್ಡ ಪೈಪು ಅಲ್ವಾ, ನಡೆಯುತ್ತೆ ಅಂತ. ಮೂರೇ ತಿಂಗಳಿಗೆ ಮತ್ತೆ ಕರೆ ಬಂತು. ಬಿಚ್ಚಿ ನೋಡಿದರೆ ತಳದಲ್ಲಿ ಜಿಡ್ಡಿನ ಚಾಪೆ. ಅದರ ಮೇಲೆ ನೀರು ಬೆರಳಿನಷ್ಟು ತೆಳ್ಳಗೆ ಹರಿದ ಗುರುತು. ಅಗಲವಾದ ತಳದಲ್ಲಿ ಅಷ್ಟೇ ನೀರು ಹರಡಿ ತೆಳುವಾಗುತ್ತದೆ, ನಿಧಾನವಾಗುತ್ತದೆ, ಕಸವನ್ನು ಎತ್ತಿಕೊಂಡು ಹೋಗುವುದಿಲ್ಲ. ಸೆಕೆಂಡಿಗೆ 0.6 ಮೀಟರ್ ವೇಗವಾದರೂ ಇದ್ದರೆ ಪೈಪು ತನ್ನನ್ನು ತಾನು ತೊಳೆದುಕೊಳ್ಳುತ್ತದೆ. ಎರಡೂವರೆ ಇಂಚಿನವರೆಗಿನ ಪೈಪಿಗೆ ಮೀಟರಿಗೆ ಸುಮಾರು 20 ಮಿ.ಮೀ., 3ರಿಂದ 6 ಇಂಚಿನದಕ್ಕೆ ಮೀಟರಿಗೆ ಸುಮಾರು 10 ಮಿ.ಮೀ. ಇಳಿಜಾರು ಕನಿಷ್ಠ ಬೇಕು. ಇನ್ನೊಂದು ಮಾತು: ನೀರು ಹೋಗುವ ದಿಕ್ಕಿನಲ್ಲಿ ಪೈಪು ಎಲ್ಲೂ ಸಣ್ಣದಾಗಬಾರದು. ಎಲ್ಲೋ ಒಂದು ಕಡೆ ಮಿಕ್ಕ ತುಂಡು ಹಾಕಿ ಸಣ್ಣದು ಮಾಡಿದ್ದರೆ ಕಟ್ಟುವುದು ಅಲ್ಲೇ.

ವೆಂಟ್

ಈಗ ತಾರಸಿಗೆ ಹೋಗೋಣ. ವೆಂಟ್‌ನ ಬಾಯಿಗೆ ತೆಳುವಾದ ಟಿಶ್ಯೂ ಕಾಗದದ ಚೂರು ಹಿಡಿದು ಕೆಳಗೆ ಫ್ಲಶ್ ಮಾಡಿಸಿ. ಕಾಗದ ಒಳಕ್ಕೆ ಎಳೆದುಕೊಂಡರೆ ದಾರಿ ತೆರೆದಿದೆ. ಅಲ್ಲಾಡದೇ ಇದ್ದರೆ ಮಧ್ಯೆ ಎಲ್ಲೋ ಮುಚ್ಚಿದೆ. ಬೆಂಕಿಕಡ್ಡಿ, ಮೊಂಬತ್ತಿ ಹಿಡಿಯಬೇಡಿ. ಚರಂಡಿ ಗಾಳಿಯಲ್ಲಿ ಮೀಥೇನ್ ಇರುತ್ತದೆ. ಮುಖ ಇಟ್ಟು ಮೂಸಿಯೂ ನೋಡಬೇಡಿ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಇದ್ದರೆ ಮೂಗೇ ಮರಗಟ್ಟಿ, ವಾಸನೆ ಇಲ್ಲ ಅನಿಸುತ್ತದೆ.

ಮುಚ್ಚುವುದು ಹಲವು ಥರ. ಹಕ್ಕಿ ಗೂಡು, ಎಲೆ, ಜೇಡರ ಬಲೆ ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದೇ ಇರುವುದು ಅಡ್ಡ ಹೋದ ವೆಂಟ್. ಅದು ನಡುವೆ ಜೋತುಬಿದ್ದರೆ ಒಳಗಿನ ಹಬೆ ಇಬ್ಬನಿಯಾಗಿ ಅಲ್ಲಿ ನೀರು ನಿಂತು, ವೆಂಟೇ ಒಂದು ಟ್ರ್ಯಾಪ್ ಆಗಿಬಿಡುತ್ತದೆ. ಅದಕ್ಕೇ ವೆಂಟ್‌ಗೂ ಡ್ರೈನ್ ಕಡೆಗೆ ಇಳಿಜಾರು ಬೇಕು. ಸಿಂಕ್‌ನ ಅಂಚಿಗಿಂತ ಕೆಳಗೇ ವೆಂಟನ್ನು ಅಡ್ಡ ತಿರುಗಿಸಿದ್ದರೆ, ಒಮ್ಮೆ ಡ್ರೈನ್ ಕಟ್ಟಿದಾಗ ಕೊಳಕು ನೀರು ವೆಂಟ್‌ಗೆ ನುಗ್ಗಿ ಜಿಡ್ಡು ಕೂರುತ್ತದೆ. ಡ್ರೈನ್ ತೆರೆದ ಮೇಲೂ ಅದು ಹೋಗುವುದಿಲ್ಲ, ವೆಂಟನ್ನು ತೊಳೆಯುವ ನೀರು ಅಲ್ಲಿ ಹರಿಯುವುದೇ ಇಲ್ಲವಲ್ಲ. ಅಂಚಿಗಿಂತ 150 ಮಿ.ಮೀ. ಮೇಲೆ ಹೋದ ಮೇಲೆಯೇ ತಿರುಗಿಸಬೇಕು. ವೆಂಟ್‌ನ ಅಗಲ ಡ್ರೈನ್‌ನ ಅಗಲದ ಅರ್ಧಕ್ಕಿಂತ, ಮತ್ತು ಹೇಗೂ 32 ಮಿ.ಮೀ.ಗಿಂತ, ಕಡಿಮೆ ಇರಬಾರದು. ಫಾಲ್ಸ್ ಸೀಲಿಂಗ್ ಒಳಗೇ ಬಾಯಿ ತೆರೆದುಕೊಂಡು ನಿಂತ ವೆಂಟನ್ನೂ ನೋಡಿದ್ದೇನೆ. ಆ ಮನೆಯಲ್ಲಿ ಗುಳುಗುಟ್ಟುವ ಸದ್ದು ಇರಲಿಲ್ಲ, ವಾಸನೆ ಮಾತ್ರ ಎಲ್ಲ ಕೋಣೆಯಲ್ಲೂ.

ಸೀಮೆಸುಣ್ಣದ ಗೆರೆ ಬಿದ್ದಿದ್ದ ಮನೆಯ ತಾರಸಿಯಲ್ಲಿ ಕಾಗದ ಹಿಡಿಯುವ ಅಗತ್ಯವೇ ಬರಲಿಲ್ಲ. ವೆಂಟ್‌ನ ತುದಿಗೆ ಎಂಡ್ ಕ್ಯಾಪ್ ಇತ್ತು. ಮನೆ ಕಟ್ಟುವಾಗ ಹಾಕಿದ್ದು, ತೆಗೆಯಲು ಮರೆತಿದ್ದಾರೆ. ಆಮೇಲೆ ಬಣ್ಣ ಬಳಿದವರು ಕ್ಯಾಪಿನ ಮೇಲೂ ಬಳಿದಿದ್ದಾರೆ. ಪೈಪು ಯಾವುದು, ಕ್ಯಾಪ್ ಯಾವುದು ಅಂತ ಕೆಳಗೆ ನಿಂತವರಿಗೆ ಕಾಣುವ ಹಾಗೇ ಇರಲಿಲ್ಲ. ಪುಣ್ಯಕ್ಕೆ ಸಾಲ್ವೆಂಟ್ ಹಾಕಿ ಅಂಟಿಸಿರಲಿಲ್ಲ. ಸುತ್ತ ಬ್ಲೇಡ್ ಆಡಿಸಿ ತಿರುಚಿ ಎಳೆದಾಗ, ಅದೇ ಹೊತ್ತಿಗೆ ಕೆಳಗೆ ಯಾರೋ ಫ್ಲಶ್ ಮಾಡಿದ್ದರಿಂದ, ಪೈಪು ಉಸಿರೆಳೆದ ಹಾಗೆ ಹೂಶ್ ಅಂತ ಸದ್ದು ಮಾಡಿತು.

ಕ್ಯಾಪ್ ಜಾಗಕ್ಕೆ ಕೌಲ್, ಅಂದರೆ ಗಾಳಿ ಆಡುವ ಜಾಲರಿ ಮುಚ್ಚಳ, ಕೂರಿಸಿ ಕೆಳಗೆ ಬಂದು ಕಡ್ಡಿ ಪರೀಕ್ಷೆಯನ್ನು ಮತ್ತೆ ಮೂರು ಸಲ ಮಾಡಿದೆ. ರಿಪೇರಿ ಆದ ಮೇಲೆ ಇದನ್ನು ಬಿಡಬೇಡಿ, ಸದ್ದು ನಿಂತ ಮಾತ್ರಕ್ಕೆ ಸೀಲ್ ಉಳಿದಿದೆ ಅಂತ ಅಲ್ಲ. 70 ಇದ್ದದ್ದು 68, 67, 68. ಅತಿ ಹೆಚ್ಚು ನಷ್ಟ 3 ಮಿ.ಮೀ. ಮನೆಯವರು ಒದ್ದೆ ಬಟ್ಟೆ ತಂದು ಗೋಡೆಯ ಗೆರೆ ಒರೆಸಿದರು.